ಕತ್ತಲೆಗೆ ಬಾಡಿಗೆ ಎಷ್ಟು? ಅಣಬೆ ಮನೆಯ ಇತಿಹಾಸ

1/6
ನಮ್ಮ ಕ್ಲಾಸಲ್ಲೇ ಮೂರು ಜನ ಕೇಳಿದ್ದಾರೆ, "ಅಣಬೆ ಬಿಸಿನೆಸ್ ಮಾಡೋಣ್ವಾ?" ಅಂತ. ಎಲ್ಲ ರೀಲ್ಸ್ ಮಹಿಮೆ. ಒಂದು ರೂಮ್ ಸಾಕು, ಕಿಟಕಿ ಮುಚ್ಚಿ ಕತ್ತಲೆ ಮಾಡಿ, ದುಡ್ಡು ತಾನಾಗೇ ಬರುತ್ತೆ ಅಂತಾರಲ್ಲ, ಅದೇ. ನಂಗೆ ಲಾಭ-ನಷ್ಟಕ್ಕಿಂತ ಮೊದಲು ಬಂದ ಪ್ರಶ್ನೆ ಬೇರೆ. ಅಣಬೆಗೆ ಮನೆ ಕಟ್ಟಬೇಕು ಅನ್ನೋ ಯೋಚನೆ ಮೊದಲು ಯಾರಿಗೆ ಬಂತು? ಹುಡುಕ್ತಾ ಹೋದ್ರೆ ಇದು ಪಕ್ಕಾ ಕಾಸ್ಟಿಂಗ್ ಪಾಠ. ಆದ್ರೆ ಸಿಲಬಸ್‌ನಲ್ಲಿಲ್ಲ. ಆರು ಭಾಗ ಇದೆ, ಪೂರ್ತಿ ಓದಿ.

2/6
ಶುರುವಾಗಿದ್ದು ಫ್ರಾನ್ಸ್‌ನಲ್ಲಿ, ಅದೂ ಬಯಲಲ್ಲಿ. ಹದಿನೇಳನೇ ಶತಮಾನದಲ್ಲಿ ಪ್ಯಾರಿಸ್ ಸುತ್ತಮುತ್ತಲಿನ ತೋಟಗಾರರು ಕುದುರೆ ಲದ್ದಿಯ ಮಡಿಗಳಲ್ಲಿ ಬಟನ್ ಅಣಬೆ ಬೆಳೆಸೋದು ಕಲಿತಿದ್ದರು. ಹದಿನಾಲ್ಕನೇ ಲೂಯಿ ದೊರೆಯ ವರ್ಸೈ ತೋಟದಲ್ಲೂ ಅಣಬೆ ಇತ್ತು. 1707ರಲ್ಲಿ ಟೂರ್ನ್‌ಫೋರ್ ಅನ್ನೋ ಸಸ್ಯವಿಜ್ಞಾನಿ ಈ ವಿಧಾನವನ್ನ ಬರೆದಿಟ್ಟರು. ಆಗಿನ್ನೂ ಮನೆ ಅನ್ನೋದೇ ಇಲ್ಲ. ಬಿಸಿಲು ಜಾಸ್ತಿ ಆದ್ರೆ ಬೆಳೆ ಹೋಯ್ತು, ಹಿಮ ಬಿದ್ರೂ ಹೋಯ್ತು.

ಮುಂದೆ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಬೆಳೆಗಾರರು ನೆಲದಡಿಗೆ ಇಳಿದರು. ಪ್ಯಾರಿಸ್ ಊರು ಕಟ್ಟೋಕೆ ಸುಣ್ಣದಕಲ್ಲು ತೆಗೆದು ತೆಗೆದು, ಕೆಳಗೆಲ್ಲ ಸುರಂಗ ಆಗಿ ಖಾಲಿ ಬಿದ್ದಿತ್ತು. ಅಲ್ಲಿ ಬೇಸಿಗೆಗೂ ಚಳಿಗಾಲಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ, ಸದಾ ತಂಪು, ಸದಾ ತೇವ. ಕಲ್ಲು ಎತ್ತೋಕೆ ತೋಡಿದ್ದ ಬಾವಿಯಂಥ ಕಿಂಡಿಗಳೇ ಗಾಳಿಗೆ ದಾರಿ, ಆಳುಗಳು ಏಣಿ ಹಿಡಿದು ಇಳೀತಿದ್ರು. ವರ್ಷಪೂರ್ತಿ ಬೆಳೆ! ಎಸಿ ಬಿಲ್ ಸೊನ್ನೆ. ಯಾರೋ ಕಲ್ಲು ಮಾರಿ ಬಿಟ್ಟುಹೋದ ಗುಂಡಿ ಇನ್ಯಾರಿಗೋ ಕೋಲ್ಡ್ ಸ್ಟೋರೇಜ್ ಆಯ್ತು.

ಅಣಬೆಗೆ ಕತ್ತಲೆ ಬೇಕೇ ಬೇಕು ಅನ್ನೋ ನಂಬಿಕೆ ಇಷ್ಟು ಗಟ್ಟಿಯಾಗೋಕೆ ಈ ಗುಹೆಗಳೂ ಕಾರಣ ಅಂತ ನಂಗನ್ಸುತ್ತೆ. ಬಟನ್ ಅಣಬೆಗೆ ಬೆಳಕು ಬೇಡ, ನಿಜ. ಆದ್ರೆ ಅದಕ್ಕೆ ನಿಜವಾಗಿ ಬೇಕಿದ್ದಿದ್ದು ಕತ್ತಲೆ ಅಲ್ಲ, ಏರುಪೇರಾಗದ ತಂಪು, ತೇವ, ಓಡಾಡೋ ಗಾಳಿ. ಗುಹೆಯಲ್ಲಿ ಕತ್ತಲೆ ಫ್ರೀಯಾಗಿ ಜೊತೆಗೆ ಬಂತು, ಅಷ್ಟೇ.

ಗುಹೆಗೂ ಒಂದು ಖರ್ಚಿತ್ತು: ರೋಗ. ಒಂದೇ ಜಾಗದಲ್ಲಿ ಬೆಳೀತಾ ಇದ್ರೆ ಅಣಬೆಗೇ ಬೂಸ್ಟು ಹಿಡಿದು ಕೊಳೆಯೋದು. ಸುರಂಗವನ್ನ ತೊಳೆದು ಖಾಲಿ ಬಿಟ್ಟು, ಮುಂದಿನ ಸುರಂಗಕ್ಕೆ ಹೋಗಬೇಕು. ಊರು ಬೆಳೆದು ನೆಲದಡಿಯ ಜಾಗಕ್ಕೆ ಮೆಟ್ರೋದಂಥ ಹೊಸ ಗಿರಾಕಿಗಳು ಬಂದಾಗ, ಬೆಳೆಗಾರರು ಲುವಾರ್ ನದಿ ಕಣಿವೆಯ ಸೋಮ್ಯೂರ್ ಕಡೆಯ ಕಲ್ಲುಗುಹೆಗಳಿಗೆ ಹೋದರು.

3/6
ಈಗ ಅಮೆರಿಕ. ಪೆನ್ಸಿಲ್ವೇನಿಯಾದ ಕೆನೆಟ್ ಸ್ಕ್ವೇರ್ ಅನ್ನೋ ಪುಟ್ಟ ಊರು, 1880ರ ದಶಕ. ವಿಲಿಯಂ ಸ್ವೇನ್ ಅನ್ನೋ ಹೂವಿನ ಬೆಳೆಗಾರರಿದ್ದರು. ಗಾಜಿನ ಮನೆಯಲ್ಲಿ ಎತ್ತರದ ಹಲಗೆಗಳ ಮೇಲೆ ಕಾರ್ನೇಶನ್ ಬೆಳೀತಿದ್ರು. ಹಲಗೆ ಕೆಳಗೆಲ್ಲ ಖಾಲಿ ಜಾಗ. ಮೇಲಿನ ಹೂವಿಗಾಗಿ ಗಾಜಿನ ಮನೆ ಬಿಸಿ ಮಾಡೋ ಖರ್ಚು ಹೇಗಿದ್ರೂ ಆಗ್ತಿದೆ, ಕೆಳಗಿನ ಜಾಗ ಯಾಕೆ ವೇಸ್ಟ್? ಇಂಗ್ಲೆಂಡಿನಿಂದ ಅಣಬೆ ಬೀಜ ತರಿಸಿ ಅಲ್ಲಿ ಹಾಕಿದರು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಅಣಬೆ ಬೈ-ಪ್ರಾಡಕ್ಟ್, ಬಾಡಿಗೆ ಪೂರ್ತಿ ಹೂವಿನ ಲೆಕ್ಕಕ್ಕೆ.

ಬೆಳೆ ಚೆನ್ನಾಗಿ ಬಂತು. ಆಮೇಲೆ ಅಣಬೆಗೋಸ್ಕರವೇ ಬೇರೆ ಕಟ್ಟಡ ಕಟ್ಟಿದರು. ನಂಗೆ ಇಡೀ ಕಥೆಯಲ್ಲಿ ಮುಖ್ಯ ಅನ್ಸೋದು ಇದೇ ಹೆಜ್ಜೆ. ಯಾಕಂದ್ರೆ ಇಲ್ಲಿಯವರೆಗೆ ಅಣಬೆ ಬೇರೆಯವರ ಜಾಗದಲ್ಲಿ ಪುಕ್ಕಟೆ ಇತ್ತು. ಇನ್ಮೇಲೆ ಗೋಡೆ, ಸೂರು, ಬಿಸಿ, ಗಾಳಿ ಎಲ್ಲದರ ಖರ್ಚನ್ನೂ ಅಣಬೆಯೇ ದುಡಿದು ತೀರಿಸಬೇಕು. ಅದಕ್ಕೇ ಅಲ್ಲಿನ ಅಣಬೆ ಮನೆಗಳಲ್ಲಿ ರೈಲಿನ ಬರ್ತ್ ಥರ ಒಂದರ ಮೇಲೊಂದು ಮಡಿಗಳು: ಒಂದೇ ಸೂರಿನ ಖರ್ಚು, ಹಲವು ಪಟ್ಟು ನೆಲ. ಕುದುರೆ ಲದ್ದಿಗೂ ಮಾರಾಟಕ್ಕೂ ಫಿಲಡೆಲ್ಫಿಯಾದಂಥ ದೊಡ್ಡ ಊರು ಹತ್ತಿರದಲ್ಲೇ ಇತ್ತು. ಅಕ್ಕಪಕ್ಕದವರೂ ಇಳಿದರು, ಇಟಲಿಯಿಂದ ವಲಸೆ ಬಂದ ಕುಟುಂಬಗಳೂ ಇಳಿದವು. ಇವತ್ತು ಅಮೆರಿಕದ ಅಣಬೆಯ ಅರ್ಧಕ್ಕಿಂತ ಹೆಚ್ಚು ಪೆನ್ಸಿಲ್ವೇನಿಯಾದ್ದೇ.

4/6
ಮನೆ ಆಯ್ತು, ಬೀಜ? ಆಗಿನ ಬೀಜ ಅಂದ್ರೆ ಒಣಗಿದ ಲದ್ದಿಯ ಇಟ್ಟಿಗೆ. ಒಳಗೆ ಅಣಬೆ ಎಳೆ ಎಷ್ಟಿದೆ, ರೋಗ ಎಷ್ಟಿದೆ, ಅದೃಷ್ಟ. 1894ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಶುದ್ಧ ಬೀಜ ತಯಾರಾಯ್ತು, ಆದ್ರೆ ವಿಧಾನ ಗುಟ್ಟಾಗಿಯೇ ಉಳೀತು. 1905ರಲ್ಲಿ ಅಮೆರಿಕದ ಡಗ್ಗರ್ ಅವರು ಅಣಬೆಯ ಒಂದು ಚೂರಿನಿಂದಲೇ ಬೀಜ ಬೆಳೆಸೋದನ್ನ ಎಲ್ಲರಿಗೂ ತಿಳಿಸಿದರು. 1932ರಲ್ಲಿ ಸಿಂಡೆನ್ ಅವರು ಧಾನ್ಯದ ಕಾಳಿನ ಮೇಲೆ ಬೀಜ ಬೆಳೆಸೋ ವಿಧಾನಕ್ಕೆ ಪೇಟೆಂಟ್ ಪಡೆದರು. ಇವತ್ತು ನಾವು ಪ್ಯಾಕೆಟ್‌ನಲ್ಲಿ ತರೋ ಬಿಳಿ ಬೂಸ್ಟು ಹಿಡಿದ ಜೋಳದ ಕಾಳು ಅದರ ವಂಶವೇ.

5/6
ಭಾರತಕ್ಕೆ ಬಟನ್ ಅಣಬೆ ಬಂದು ನಿಂತಿದ್ದು ಹಿಮಾಚಲದ ಸೋಲನ್‌ನಲ್ಲಿ, 1961ರಲ್ಲಿ. ಕಾರಣ ಸಿಂಪಲ್: ತಂಪು ಊರು. ಬೀಜ ಹಬ್ಬೋಕೆ 22–25 ಡಿಗ್ರಿ, ಅಣಬೆ ಮೂಡೋಕೆ 14–18 ಡಿಗ್ರಿ ಬೇಕು. ಗಾಳಿ ಕಟ್ಟಿದ್ರೆ ಕಾರ್ಬನ್ ಡೈಆಕ್ಸೈಡ್ ತುಂಬಿ ಉದ್ದ ಕಾಲು, ಸಣ್ಣ ಟೋಪಿ. ಅದಕ್ಕೆ ರೇಟ್ ಸಿಗಲ್ಲ. 1983ರಲ್ಲಿ ಅಲ್ಲೇ ರಾಷ್ಟ್ರೀಯ ಅಣಬೆ ಸಂಶೋಧನಾ ಕೇಂದ್ರ ಆಯ್ತು. ಹರಿಯಾಣದ ಸೋನಿಪತ್ ಕಡೆಯ ರೈತರು ಇನ್ನೂ ಜಾಣರು. ಬಿದಿರು-ಹುಲ್ಲಿನ ಗುಡಿಸಲು ಹಾಕಿ ಚಳಿಗಾಲದಲ್ಲಿ ಮಾತ್ರ ಬೆಳೀತಾರೆ. ಪ್ಯಾರಿಸ್‌ನವರಿಗೆ ಗುಹೆ ಕೊಟ್ಟ ತಂಪನ್ನ ಇವರಿಗೆ ಕ್ಯಾಲೆಂಡರ್ ಕೊಡುತ್ತೆ.

6/6
ನಮ್ಮ ಕಡೆ ಆ ಚಳಿ ಎಲ್ಲಿದೆ? ಬಟನ್ ಬೇಕಂದ್ರೆ ಶಾಖ ತಡೆಯೋ ಪ್ಯಾನೆಲ್ ಗೋಡೆ, ಕೂಲಿಂಗ್ ಯಂತ್ರ, ಕರೆಂಟ್ ಹೋದ್ರೆ ಜನರೇಟರ್. ರೂಮ್ ಖಾಲಿ ಇದ್ರೂ ಸವಕಳಿ, ಬಡ್ಡಿ ಓಡ್ತಾನೇ ಇರುತ್ತೆ.

ಆದ್ರೆ ಮೈಸೂರಲ್ಲಿ ಬೇರೆ ದಾರಿ ಒಂದು ತೆರೆದಿತ್ತು, ಅದು ನಮ್ಮಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಚೆಲುವಾಂಬ ವಿಲಾಸದಲ್ಲಿರೋ ಸಿಎಫ್‌ಟಿಆರ್‌ಐ ಇದೆಯಲ್ಲ, ಅಲ್ಲಿನ ಬಾನೋ ಮತ್ತು ಶ್ರೀವಾಸ್ತವ ಅನ್ನೋ ವಿಜ್ಞಾನಿಗಳು 1962ರಲ್ಲೇ ಭತ್ತದ ಹುಲ್ಲಿನ ಮೇಲೆ ಚಿಪ್ಪು ಅಣಬೆ ಬೆಳೆಯೋ ವಿಧಾನ ಪ್ರಕಟಿಸಿದರು. ಲದ್ದಿ ಬೇಡ, ವಾರಗಟ್ಟಲೆ ಕಾಂಪೋಸ್ಟ್ ತಿರುವಿ ಹಾಕೋದು ಬೇಡ. ಹುಲ್ಲು ಕತ್ತರಿಸಿ, ನೆನೆಸಿ, ಬಿಸಿನೀರಲ್ಲಿ ಹದ ಮಾಡಿ, ಬೀಜ ಸೇರಿಸಿ ಚೀಲಕ್ಕೆ ತುಂಬೋದು. ಇದರ ಹಲವು ತಳಿ 20–30 ಡಿಗ್ರಿಯಲ್ಲೇ ಬರುತ್ತೆ. ತೆಂಗಿನ ಗರಿ ಚಪ್ಪರಕ್ಕೆ ಒದ್ದೆ ಗೋಣಿಚೀಲ ಕಟ್ಟಿದ್ರೂ ಅದು ಅಣಬೆ ಮನೆಯೇ. ಅಂದಹಾಗೆ, ಚಿಪ್ಪು ಅಣಬೆ ಸರಿಯಾಗಿ ಮೂಡೋಕೆ ಸ್ವಲ್ಪ ಬೆಳಕೂ ಬೇಕು, ಕಿಟಕಿಗೆ ಕಪ್ಪು ಶೀಟ್ ಹೊಡೀಬೇಡಿ.

ಹಾಗಾಗಿ ಕೇಳಿದ ಮೂರು ಜನಕ್ಕೂ ನನ್ನ ಉತ್ತರ ಇಷ್ಟು. ಲೋನ್ ತಗೊಂಡು ಬಟನ್ ಯೂನಿಟ್ ಹಾಕೋದಕ್ಕೆ ನಾನು ಪಾರ್ಟ್‌ನರ್ ಆಗಲ್ಲ. ಮನೆ ಹಿಂದೆ ಖಾಲಿ ಬಿದ್ದ ದನದ ಕೊಟ್ಟಿಗೆ ಇದ್ರೆ ಹೇಳಿ, ಹತ್ತು ಚೀಲ ಹಾಕೋಣ. ಬೀಜ ಹೆಸರಘಟ್ಟದ ಐಐಎಚ್‌ಆರ್‌ನಲ್ಲಿ ಸಿಗುತ್ತೆ. ಆದ್ರೆ ಹೋಗೋಕೆ ಮುಂಚೆ ಬೆಳೆದಿದ್ದನ್ನ ಯಾರು ತಗೋತಾರೆ ಅಂತ ನಾಲ್ಕು ಅಂಗಡಿ, ಎರಡು ಹೋಟೆಲ್‌ನಲ್ಲಿ ಕೇಳ್ಕೊಂಡು ಬನ್ನಿ. ಕೊಯ್ದ ಚಿಪ್ಪು ಅಣಬೆ ಫ್ರಿಡ್ಜ್ ಇಲ್ದೆ ಒಂದೆರಡು ದಿನ ತಡೆದ್ರೆ ಹೆಚ್ಚು.

#ಅಣಬೆ #ಇತಿಹಾಸ #ಬಿಕಾಂ_ಲೆಕ್ಕ #ಮೈಸೂರು