ವಾಲ್ವ್ ರೇಡಿಯೊಗಳ ಧ್ವನಿಹಂತದಲ್ಲಿ ಗ್ರಿಡ್ ಬಯಾಸ್: ಸಂರಕ್ಷಣೆಯ ದೃಷ್ಟಿಯಿಂದ ಒಂದು ವಿವೇಚನೆ

ಮೈಸೂರು ಸೀಮೆಯ ಬಾನುಲಿ ಇತಿಹಾಸವನ್ನು ನಾವು ಪ್ರಸಾರದ ಕಡೆಯಿಂದಲೇ ಬರೆದಿದ್ದೇವೆ. 1935ರಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಪ್ರಸಾರ ಆರಂಭಿಸಿದ್ದು ಎಲ್ಲರಿಗೂ ಗೊತ್ತು. 1961ರಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಫಿಲಿಪ್ಸ್ ಸಹಯೋಗದಿಂದ ರೇಡಿಯೊ ವಾಲ್ವ್‌ಗಳನ್ನು ತಯಾರಿಸತೊಡಗಿದ್ದೂ ದಾಖಲಾಗಿದೆ. ಆದರೆ ಕೇಳುಗರ ಮನೆಯ ಸೆಟ್ಟಿನ ಒಳರಚನೆ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಹಳೆಯ ರೇಡಿಯೊವನ್ನು ದುರಸ್ತಿ ಮಾಡುವಾಗ ಅದರ ಮೂಲ ಬಯಾಸ್ ಪದ್ಧತಿಯನ್ನು ಉಳಿಸಿಕೊಳ್ಳಲೇಬೇಕು ಎಂಬುದು ಈ ಲೇಖನದ ವಾದ.

ವಾಲ್ವಿನ ಗ್ರಿಡ್, ಕ್ಯಾಥೋಡಿಗಿಂತ ಋಣ ವಿಭವದಲ್ಲಿರಬೇಕು; ಈ ಋಣ ವಿಭವವೇ ಬಯಾಸ್. ಧ್ವನಿಹಂತದ, ಅಂದರೆ ಸ್ಪೀಕರನ್ನು ನಡೆಸುವ ಕೊನೆಯ ಹಂತದ, ಇಎಲ್84 ವಾಲ್ವಿಗೆ 250 ವೋಲ್ಟ್‌ನಲ್ಲಿ ಬೇಕಾದ ಬಯಾಸ್ ಸುಮಾರು 7.3 ವೋಲ್ಟ್. ಆನೋಡಿನ 48, ಸ್ಕ್ರೀನಿನ 5.5 ಮಿಲಿಆಂಪಿಯರ್ ಸೇರಿ ಕ್ಯಾಥೋಡಿನ 135 ಓಮ್ ರೆಸಿಸ್ಟರ್ ಮೂಲಕ ಹರಿದಾಗ ಅಷ್ಟೇ ವೋಲ್ಟೇಜ್ ಅಲ್ಲಿ ಏರ್ಪಡುತ್ತದೆ. ಪ್ರವಾಹ ಹೆಚ್ಚಿದರೆ ಬಯಾಸೂ ಹೆಚ್ಚಿ ಅದನ್ನು ತಡೆಯುತ್ತದೆ; ಇದೇ ಸ್ವಯಂ ಬಯಾಸ್. ಕರೆಂಟಿನ ಏರಿಳಿತವಿರುವ ಊರುಗಳಿಗೆ ಈ ಪದ್ಧತಿ ಒಗ್ಗಿದ್ದು ಈ ಗುಣದಿಂದಲೇ. ಆ ರೆಸಿಸ್ಟರಿಗೆ ಜೋಡಿಸಿದ ಕೆಪಾಸಿಟರ್ ಒಣಗಿದರೆ ಧ್ವನಿವರ್ಧನೆ ಸುಮಾರು ಎರಡೂವರೆ ಪಟ್ಟು ಕುಗ್ಗುತ್ತದೆ.

ಬ್ಯಾಟರಿ ಸೆಟ್ಟುಗಳ ಲೆಕ್ಕವೇ ಬೇರೆ. ಅವುಗಳ ಧ್ವನಿಹಂತದ ವಾಲ್ವ್ ಡಿಎಲ್96ರಲ್ಲಿ ಫಿಲಮೆಂಟೇ ಕ್ಯಾಥೋಡ್. ಎಲ್ಲ ವಾಲ್ವ್‌ಗಳ ಫಿಲಮೆಂಟಿಗೂ ಒಂದೇ ಬ್ಯಾಟರಿ. ಹಾಗಾಗಿ ಎಚ್‌ಟಿ (ಹೆಚ್ಚು ವೋಲ್ಟೇಜಿನ) ಬ್ಯಾಟರಿಯ ಋಣ ತಂತಿಯಲ್ಲಿ ರೆಸಿಸ್ಟರ್ ಇಟ್ಟು ಇಡೀ ಸೆಟ್ಟಿನ ಪ್ರವಾಹದಿಂದ ಬಯಾಸ್ ಪಡೆಯುತ್ತಾರೆ. ಈ ವಾಲ್ವಿಗೆ ಬೇಕಾದ 85 ವೋಲ್ಟ್ ಮತ್ತು ಬಯಾಸಿನ 5.2 ವೋಲ್ಟ್ ಕೂಡಿದರೆ 90 ವೋಲ್ಟ್ ಬ್ಯಾಟರಿಯ ಲೆಕ್ಕ ಸರಿಹೋಗುತ್ತದೆ. ಇಲ್ಲಿ ಬೇರೊಂದು ವಾಲ್ವ್ ದುರ್ಬಲವಾದರೂ ಧ್ವನಿಹಂತದ ಬಯಾಸ್ ಕುಸಿಯುತ್ತದೆ. ದೋಷ ಒಂದೆಡೆ, ಲಕ್ಷಣ ಇನ್ನೊಂದೆಡೆ.

ಮೊದಲ ಟ್ರಯೋಡ್ ಹಂತದಲ್ಲಿ ಬಹುಮಟ್ಟಿಗೆ 10 ಮೆಗಾಓಮ್ ಗ್ರಿಡ್ ರೆಸಿಸ್ಟರಷ್ಟೇ ಇರುತ್ತದೆ. ಗ್ರಿಡ್ಡಿಗೆ ತಾಗುವ ಎಲೆಕ್ಟ್ರಾನುಗಳ ಅತ್ಯಲ್ಪ ಪ್ರವಾಹವೇ ಅಲ್ಲಿ ಬಯಾಸ್ ಉಂಟುಮಾಡುತ್ತದೆ. ಆದ್ದರಿಂದ ಆ ರೆಸಿಸ್ಟರಿನ ಬೆಲೆ ಬದಲಿಸಬಾರದು.

ಇವೆಲ್ಲಕ್ಕೂ ಸಾಮಾನ್ಯ ಶತ್ರು, ಎರಡು ಹಂತಗಳ ನಡುವಿನ ಕಾಗದದ ಕೆಪಾಸಿಟರ್. ಅದರ ನಿರೋಧ 10 ಮೆಗಾಓಮಿಗೆ ಇಳಿದು, ಹಿಂದಿನ ಆನೋಡಿನಲ್ಲಿ 100 ವೋಲ್ಟ್, ಗ್ರಿಡ್ಡಿನಲ್ಲಿ 680 ಕಿಲೋಓಮ್ ಇದ್ದರೆ, ಗ್ರಿಡ್ಡಿಗೆ ಸುಮಾರು 6.4 ವೋಲ್ಟ್ ಧನ ವಿಭವ ಬಂದು ಬೀಳುತ್ತದೆ. ಸ್ವಯಂ ಬಯಾಸ್ ಅದನ್ನು ಕೊಂಚ ತಡೆದುಕೊಳ್ಳುತ್ತದೆ. ಹೊರಗಿನಿಂದ ನಿಗದಿತ ವೋಲ್ಟೇಜ್ ಕೊಡುವ ಸ್ಥಿರ ಬಯಾಸಿಗೆ ಆ ಶಕ್ತಿಯಿಲ್ಲ. ಇಎಲ್84ಕ್ಕೆ ಸ್ವಯಂ ಬಯಾಸಿನಲ್ಲಿ 1 ಮೆಗಾಓಮ್ ಗ್ರಿಡ್ ರೆಸಿಸ್ಟರಿಗೆ ಅವಕಾಶವಿದ್ದು, ಸ್ಥಿರ ಬಯಾಸಿನಲ್ಲಿ 0.3ಕ್ಕೆ ಮಿತಿ ಹಾಕಿರುವುದಕ್ಕೂ ಗ್ರಿಡ್ ರೆಸಿಸ್ಟರಿನಲ್ಲಿ ಹರಿಯುವ ಇಂಥ ಪ್ರವಾಹದ ಭಯವೇ ಕಾರಣ.

ಬಯಾಸ್ ಪದ್ಧತಿಯನ್ನು ಬದಲಿಸಿದ ಸೆಟ್ಟು ಹಾಡಬಹುದು, ಆದರೆ ತನ್ನ ಕಾಲದ ವಿನ್ಯಾಸಕ್ಕೆ ಸಾಕ್ಷಿಯಾಗಿ ಉಳಿಯಲಾರದು. ಮೈಸೂರಿನ ಹೂಟಗಳ್ಳಿಯಂಥ ಕೈಗಾರಿಕಾ ಪ್ರದೇಶದ ತಂತ್ರಜ್ಞರು, ಐಟಿಐ ವಿದ್ಯಾರ್ಥಿಗಳು ಮನೆಯ ಹಳೆಯ ರೇಡಿಯೊ ಬಿಚ್ಚಿದಾಗ ಮೊದಲು ಸರ್ಕ್ಯೂಟನ್ನು ಬರೆದಿಟ್ಟುಕೊಳ್ಳಲಿ. ಕೆಪಾಸಿಟರ್ ಸೋರಿಕೆ ಪರೀಕ್ಷಿಸಿ, ಬಯಾಸ್ ಅಳೆದ ಮೇಲಷ್ಟೇ ವಾಲ್ವ್ ಬದಲಿಸಲಿ.