‘ಅರೇಕಾ’: ಒಂದು ಇಂಗ್ಲಿಷ್ ಪದದ ಅರ್ಥ, ಮೂಲ ಮತ್ತು ಪದಕ್ರೀಡೆ

ದ್ರಾವಿಡ ಭಾಷೆಗಳಿಂದ ಇಂಗ್ಲಿಷಿಗೆ ಸಂದ ಪದಗಳ ಚರ್ಚೆಯಲ್ಲಿ ಎರಡು ಬಗೆಯ ಅತಿರೇಕಗಳನ್ನು ನಾವು ಕಾಣುತ್ತೇವೆ. ಕನ್ನಡಕ್ಕೆ ಸಮೀಪವಾಗಿ ಕೇಳಿಸುವ ಪದವನ್ನೆಲ್ಲ ಕನ್ನಡದ್ದೆಂದೇ ಸಾಧಿಸುವ ಉತ್ಸಾಹ ಒಂದು. ಇಂಗ್ಲಿಷ್ ಕೋಶವು ಬೇರೊಂದು ಭಾಷೆಯನ್ನು ಹೆಸರಿಸಿದೊಡನೆ ಕನ್ನಡದ ಸಾಕ್ಷ್ಯವನ್ನೇ ಕೈಬಿಡುವ ಉದಾಸೀನ ಇನ್ನೊಂದು. ನಮ್ಮ ‘ಅಡಕೆ’ಗೆ ಜ್ಞಾತಿಯಾದ ‘ಅರೇಕಾ’ ಎಂಬ ಇಂಗ್ಲಿಷ್ ಪದದ ಚರಿತ್ರೆಯನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಂಗ್ಲಿಷಿನಲ್ಲಿ ಈ ಪದಕ್ಕೆ ಮರ, ಅದರ ಕಾಯಿ ಎಂಬ ಎರಡು ಮೂಲಾರ್ಥಗಳಿವೆ. ಆದರೆ ಸಾಮಾನ್ಯ ಇಂಗ್ಲಿಷ್ ಬಳಕೆಯಲ್ಲಿ ಅಡಕೆಗೆ ‘ಬೀಟಲ್ ನಟ್’ ಎಂಬ ಹೆಸರೇ ಹೆಚ್ಚು ರೂಢಿಯಾಯಿತು. ‘ಬೀಟಲ್’ ಎಂಬುದು ಮಲಯಾಳದ ‘ವೆಟ್ಟಿಲ’ದಿಂದ, ಅಂದರೆ ಎಲೆಯ ಹೆಸರಿನಿಂದ, ಬಂದುದು. ಎಲೆಯ ಹೆಸರನ್ನು ಕಾಯಿಗೆ ಹಚ್ಚಿದ ಈ ರೂಢಿ ಸರಿಯಲ್ಲವೆಂದು ಹೆನ್ರಿ ಯೂಲ್ ಮತ್ತು ಆರ್ಥರ್ ಕೋಕ್ ಬರ್ನೆಲ್ ಅವರ ‘ಹಾಬ್ಸನ್-ಜಾಬ್ಸನ್’ ಕೋಶವು 1886ರಷ್ಟು ಹಿಂದೆಯೇ ಸೂಚಿಸಿದೆ. ಎಲೆಯಡಕೆಯನ್ನು ಒಟ್ಟಾಗಿಯೇ ಮೆಲ್ಲುವುದನ್ನು ಕಂಡ ಪರದೇಶಿಯರಿಗೆ ಯಾವ ಹೆಸರು ಯಾವುದರದೆಂಬ ಗೊಂದಲ ಉಂಟಾದುದು ಸಹಜವೇ.

ಪದದ ಪಯಣಕ್ಕೆ ದೊರೆಯುವ ಹಳೆಯ ಸಾಕ್ಷ್ಯಗಳಲ್ಲಿ ಇಟಲಿಯ ಪ್ರವಾಸಿ ಲುಡೊವಿಕೊ ಡಿ ವಾರ್ತೆಮಾನ ಗ್ರಂಥವು ಮುಖ್ಯವಾದುದು. 1510ರಲ್ಲಿ ರೋಮಿನಲ್ಲಿ ಅಚ್ಚಾದ ಆ ಕೃತಿಯು ಕಲ್ಲಿಕೋಟೆಯ ಅರಸನ ತಾಂಬೂಲ ಸೇವನೆಯನ್ನು ವಿವರಿಸುವಾಗ ಕಾಯಿಯನ್ನು ‘ಕೊಫೊಲೊ’ ಎಂದೂ ಮರವನ್ನು ‘ಅರೆಕಾ’ ಎಂದೂ ಕರೆಯುತ್ತದೆ. ಇವುಗಳಲ್ಲಿ ಮೊದಲನೆಯದು ಅರಬ್ಬೀ ವರ್ತಕರ ‘ಫೌಫಲ್’. ಅದರ ಮೂಲ ಸಂಸ್ಕೃತದ ‘ಪೂಗಫಲ’. ಮುಂಬಯಿ, ಪುಣೆಗಳ ಓದುಗರು ಮರಾಠಿಯ ‘ಪೋಫಳ’ದಲ್ಲಿ ಇದೇ ಪದವನ್ನು ಗುರುತಿಸಬಹುದು. ಎರಡನೆಯದು ಅಚ್ಚ ದ್ರಾವಿಡ. ಒಂದೇ ಬಂದರಿನಲ್ಲಿ ಎರಡು ಭಾಷಾಪರಂಪರೆಗಳು ಒಂದೇ ವಸ್ತುವಿಗೆ ಹೆಸರಿತ್ತುದನ್ನು ಇಲ್ಲಿ ಕಾಣುತ್ತೇವೆ. 1563ರಲ್ಲಿ ಗೋವೆಯಲ್ಲಿ ಅಚ್ಚಾದ ಗಾರ್ಸಿಯಾ ದ ಓರ್ತಾನ ಗ್ರಂಥವೂ ಅರಬ್ಬೀ ಹೆಸರನ್ನು ಮಲಬಾರಿನ ಹೆಸರುಗಳ ಜೊತೆಗಿರಿಸಿ ಚರ್ಚಿಸುತ್ತದೆ. ಪೋರ್ಚುಗೀಸರ ಬಾಯಲ್ಲಿ ನೆಲೆಗೊಂಡ ‘ಅರೆಕಾ’ ಹದಿನಾರನೆಯ ಶತಮಾನದ ಕೊನೆಯ ವೇಳೆಗೆ ಇಂಗ್ಲಿಷನ್ನು ಸೇರಿತು.

ಹಾಗಾದರೆ ಪೋರ್ಚುಗೀಸರು ಈ ಪದವನ್ನು ಯಾರಿಂದ ಪಡೆದರು? ಕನ್ನಡದಲ್ಲಿ ‘ಅಡಕೆ’, ‘ಅಡಿಕೆ’, ತುಳುವಿನಲ್ಲಿ ‘ಅಡಕೆ’, ಮಲಯಾಳದಲ್ಲಿ ‘ಅಡಕ್ಕ’, ‘ಅಡೆಕ್ಕ’, ತಮಿಳಿನಲ್ಲಿ ‘ಅಡೈಕ್ಕಾಯ್’ ಎಂಬ ರೂಪಗಳಿವೆ. ಮೂರ್ಧನ್ಯ ಡಕಾರವಿಲ್ಲದ ಪೋರ್ಚುಗೀಸಿನಲ್ಲಿ ಸ್ವರಗಳ ನಡುವಣ ಡಕಾರವು ರೇಫವಾಗಿ ಕೇಳಿಸಿತು. ಆದರೆ ಈ ಧ್ವನಿವ್ಯತ್ಯಾಸ ಕನ್ನಡ, ಮಲಯಾಳಗಳೆರಡಕ್ಕೂ ಸಮಾನವಾಗಿ ಅನ್ವಯಿಸುವುದರಿಂದ ನಿರ್ಣಯಕ್ಕೆ ಒದಗದು. ನಡುವಣ ಎಕಾರ, ಕೊನೆಯ ಅಕಾರ ಇವೆರಡೂ ಮಲಯಾಳದ ‘ಅಡೆಕ್ಕ’ಕ್ಕೆ ಹೆಚ್ಚು ಹೊಂದುತ್ತವೆ. ಪೋರ್ಚುಗೀಸಿನಲ್ಲಿ ಆಕಾರಾಂತ ನಾಮಪದಗಳು ಹೇರಳವಾಗಿರುವುದರಿಂದ ಕೊನೆಯ ಸ್ವರವೊಂದನ್ನೇ ನೆಚ್ಚುವಂತಿಲ್ಲ. ಆದರೆ ಕಾಲ ಮತ್ತು ಸ್ಥಳಗಳ ಸಾಕ್ಷ್ಯವೂ ಅತ್ತಲೇ ವಾಲುತ್ತದೆ. ಪೋರ್ಚುಗೀಸರು ಕಲ್ಲಿಕೋಟೆಗೆ ಬಂದುದು 1498ರಲ್ಲಿ. ಗೋವೆಯನ್ನು ಹಿಡಿದುದು 1510ರಲ್ಲಿ. ವಾರ್ತೆಮಾನ ಗ್ರಂಥವು ಮುದ್ರಿತವಾದುದೂ ಅದೇ ವರ್ಷ. ಆದುದರಿಂದ ಸಾಕ್ಷಾತ್ ಮೂಲವು ಮಲಯಾಳವೆಂಬ ಕೋಶಕಾರರ ಮತವನ್ನು ನಾವು ಒಪ್ಪಬೇಕಾಗುತ್ತದೆ.

ಇದರಿಂದ ಕನ್ನಡದ ಸಾಕ್ಷ್ಯಕ್ಕೆ ಬೆಲೆಯಿಲ್ಲದಂತಾಗುವುದಿಲ್ಲ. ಸಾಕ್ಷಾತ್ ಮೂಲದ ಹಿಂದೆ ಇನ್ನೂ ಒಂದು ಮೂಲವಿದೆ. ಕಾಯಿಗಳು ಗೊನೆಯಲ್ಲಿ ಒತ್ತಾಗಿ ಅಡಕವಾಗಿರುವುದರಿಂದ ಈ ಹೆಸರು ಬಂದಿತೆಂಬುದು ಬಿಷಪ್ ಕಾಲ್ಡ್‌ವೆಲ್ ಅವರ ಅಭಿಪ್ರಾಯ. ತಮಿಳಿನ ‘ಅಡೈ’ಗೆ ಎಲೆ, ವೀಳ್ಯದೆಲೆ ಎಂಬ ಅರ್ಥಗಳೂ ಇರುವುದರಿಂದ ‘ಎಲೆಯ ಜೊತೆಗಿನ ಕಾಯಿ’ ಎಂದೂ ಬಿಡಿಸಬಹುದು. ಯಾವ ಪಕ್ಷವನ್ನು ಹಿಡಿದರೂ ಸೋದರ ಭಾಷೆಗಳ ರೂಪಗಳನ್ನು ಸಾಲಾಗಿ ಇರಿಸದೆ ವಿಚಾರ ಮುಂದೆ ಸಾಗದು.

ಸಸ್ಯಶಾಸ್ತ್ರದಲ್ಲಿ ಈ ಪದದ ಅರ್ಥವು ಹಿಗ್ಗಿದ ಬಗೆ ಕುತೂಹಲಕರವಾದುದು. ಲಿನೇಯಸ್ 1753ರಲ್ಲಿ ಅಡಕೆಮರಕ್ಕೆ ‘ಅರೇಕಾ ಕಟೆಚು’ ಎಂಬ ಅರ್ಥದ ಶಾಸ್ತ್ರೀಯ ನಾಮವನ್ನು ಇಟ್ಟನು. ‘ಕಟೆಚು’ ಎಂಬುದು ನಮ್ಮ ‘ಕಾಚು’ವಿನ ಬಳಗದ್ದು; ಕಾಚಿಮರದ ಚಕ್ಕೆಯಿಂದ ತೆಗೆಯುವ, ತಾಂಬೂಲದಲ್ಲಿ ಬೆರೆಯುವ ವಸ್ತು. ಹೀಗೆ ತಾಂಬೂಲದ ಎರಡು ಸಾಮಗ್ರಿಗಳು, ಎರಡೂ ದ್ರಾವಿಡ ಬಳಗದ ಹೆಸರಿನವು, ಒಂದೇ ಮರದ ಹೆಸರಿನಲ್ಲಿ ಸೇರಿಕೊಂಡವು. ಮುಂದೆ ತೆಂಗು, ತಾಳೆ, ಖರ್ಜೂರಗಳನ್ನೂ ಒಳಗೊಂಡ ಇಡೀ ತಾಳವೃಕ್ಷ ಕುಲಕ್ಕೆ ‘ಅರೆಕೇಸಿಯೀ’ ಎಂಬ ಹೆಸರಾಯಿತು. ಅಡಕೆಯ ಕ್ಷಾರಸತ್ತ್ವವು ‘ಅರೆಕೋಲಿನ್’ ಎನಿಸಿತು. ಇಂದು ನಗರಗಳ ಸಸ್ಯಮಾರಾಟಗಾರರು ಕುಂಡದಲ್ಲಿ ಬೆಳೆಸಿ ಕೊಡುವ ‘ಅರೇಕಾ ಪಾಮ್’ ಮಡಗಾಸ್ಕರ್ ಮೂಲದ ಬೇರೊಂದು ಗಿಡ. ಒಂದು ಕಾಲದಲ್ಲಿ ಅದನ್ನು ಈ ಕುಲನಾಮದಡಿ ಗಣಿಸಿದ್ದರಿಂದ ಹೆಸರು ಉಳಿದುಬಂದಿದೆ. ಅದರಿಂದ ಅಡಕೆ ದೊರೆಯುವುದಿಲ್ಲ.

ಪದಕ್ರೀಡೆಯಲ್ಲಿ ಈ ಪದದ ಅದೃಷ್ಟ ಬೇರೆಯದೇ. 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ರಚಿಸಿದ ಪದಬಂಧ ಪ್ರಕಟವಾದ ಮೇಲೆ ಆ ಕ್ರೀಡೆ ಜನಪ್ರಿಯವಾಯಿತು. ಎ, ಆರ್, ಇ, ಸಿ, ಎ ಎಂಬ ಐದು ಅಕ್ಷರಗಳ ನಮ್ಮ ಪದದಲ್ಲಿ ಸ್ವರವ್ಯಂಜನಗಳು ಒಂದು ಬಿಟ್ಟೊಂದು ಬರುತ್ತವೆ. ಅಡ್ಡಸಾಲನ್ನೂ ಕೆಳಸಾಲನ್ನೂ ಹೆಣೆಯುವವರಿಗೆ ಇಂಥ ಪದ ಬಲು ಅನುಕೂಲ. ‘ತಾಳವೃಕ್ಷದ ಒಂದು ಬಗೆ’ ಎಂಬಂಥ ಸುಳಿವಿನೊಡನೆ ಅದು ಅಮೆರಿಕದ ಪದಬಂಧಗಳಲ್ಲಿ ಪದೇ ಪದೇ ತಲೆದೋರುತ್ತದೆ. ಗೂಢಸುಳಿವಿನ ಪದಬಂಧದಲ್ಲಾದರೆ ‘ಏರಿಯಾ’ ಎಂಬ ಪದದ ಕೊನೆಯ ಅಕ್ಷರಕ್ಕೆ ಮುಂಚೆ ರೋಮನ್ ನೂರರ ಸಂಕೇತವಾದ ‘ಸಿ’ಯನ್ನು ಸೇರಿಸಿದರೆ ‘ಅರೇಕಾ’ ಸಿದ್ಧವಾಗುತ್ತದೆ. ಸ್ಕ್ರಾಬಲ್ ಆಟದಲ್ಲಿ ಇದರ ಮೂಲಬೆಲೆ ಏಳು ಅಂಕ. ‘ಎಂ’ ಅಕ್ಷರವನ್ನು ಕೂಡಿಸಿ ಪಲ್ಲಟಿಸಿದರೆ ‘ಕ್ಯಾಮೆರಾ’, ‘ಎನ್’ ಕೂಡಿಸಿದರೆ ನಿಗೂಢವೆಂಬ ಅರ್ಥದ ‘ಆರ್ಕೇನ್’ ದೊರೆಯುತ್ತದೆ.

ಈ ಕ್ರೀಡೆಯಲ್ಲಿ ಪದವು ಕೇವಲ ಅಕ್ಷರಗಳ ಗಣವಾಗಿ ಉಳಿಯುತ್ತದೆ. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆಯಾಗಲಿ, ವೀಳ್ಯವಿತ್ತು ಕರೆಯುವ ಮರ್ಯಾದೆಯಾಗಲಿ ಅದರೊಡನೆ ಕಡಲು ದಾಟಲಿಲ್ಲ. ಎರವಲು ಪದಗಳ ಪಟ್ಟಿ ಮಾಡುವವರು ಗಮನಿಸಬೇಕಾದ ಸಂಗತಿಯಿದು: ಪದ ಹೋಗುತ್ತದೆ, ಅದರ ಬಾಳು ತವರಿನಲ್ಲಿಯೇ ಉಳಿಯುತ್ತದೆ. ಆ ಬಾಳನ್ನು ದಾಖಲಿಸುವ ಹೊಣೆ ತವರಿನ ಭಾಷೆಗಳದು.

ಹೊರನಾಡಿನ ಸಂಶೋಧಕರಿಗೆ ಈ ಕೆಲಸದಲ್ಲಿ ವಿಶೇಷವಾದ ಅನುಕೂಲವಿದೆ. ಮರಾಠಿ, ತಮಿಳು, ತೆಲುಗುಗಳ ನಡುವೆ ನಿತ್ಯವೂ ಬಾಳುವ ಅವರಿಗೆ ಜ್ಞಾತಿರೂಪಗಳು ಕಿವಿಗೆ ಬೀಳುತ್ತಲೇ ಇರುತ್ತವೆ. ಕಾಲ, ಸ್ಥಳ, ಧ್ವನಿ ಎಂಬ ಮೂರು ಒರೆಗಲ್ಲುಗಳಿಗೆ ‘ಅರೇಕಾ’ವನ್ನು ಉಜ್ಜಿದಂತೆಯೇ, ಪೋರ್ಚುಗೀಸಿನ ಮೂಲಕ ಹೋದ, ನಮ್ಮ ‘ತೇಗ’ಕ್ಕೆ ಜ್ಞಾತಿಯಾದ ‘ಟೀಕ್’ ಮೊದಲಾದ ಪದಗಳನ್ನೂ ಉಜ್ಜಿ ನೋಡಬಹುದು. ಆಗ ಕನ್ನಡಕ್ಕೆ ನ್ಯಾಯವಾಗಿ ಸಲ್ಲುವುದು ಸಲ್ಲುತ್ತದೆ. ಸೋದರ ಭಾಷೆಗಳಿಗೆ ಸಲ್ಲಬೇಕಾದುದೂ ತಪ್ಪುವುದಿಲ್ಲ.