ಯಾರು ಬೇಕಾದ್ರೂ ಬನ್ನಿ: ತೊರಾನೊಮೊನ್‌ನಿಂದ ಹೊರಟ ಇಬ್ಬರ ಮೆರವಣಿಗೆ

ಕಳೆದ ತಿಂಗಳು ನಮ್ಮ ಲೈನ್ ಗುಂಪಿನಲ್ಲಿ ಒಂದು ಸಣ್ಣ ಜಗಳ ಆಯ್ತು. ಲೈನ್ ಅಂದ್ರೆ ಜಪಾನಿನವರ ವಾಟ್ಸಾಪ್ ಅಂದುಕೊಳ್ಳಿ. ಟೋಕಿಯೊದ ಮಿನಾಟೋ ವಾರ್ಡಿನಲ್ಲಿ ಕೆಲಸ ಮಾಡೋ ಒಂದಷ್ಟು ವಿದೇಶಿಯರು ಸೇರಿ, ಒಂದು ಭಾನುವಾರ ಪಾರ್ಕಿನಲ್ಲಿ ಸಭೆ ಮಾಡೋಣ ಅಂತ ಹೊರಟಿದ್ದೆವು. 2025ರ ಜುಲೈನಲ್ಲಿ ನಡೆದ ಮೇಲ್ಮನೆ ಚುನಾವಣೆಯಲ್ಲಿ ‘ಜಪಾನಿಯರು ಮೊದಲು’ ಅಂತ ಘೋಷಣೆ ಕೂಗಿದ ಸಾನ್‌ಸೇತೊ ಪಕ್ಷ 14 ಸ್ಥಾನ ಗೆದ್ದಿತು. ಅವತ್ತಿನಿಂದ ಎಲ್ಲರೂ ನಮ್ಮ ಬಗ್ಗೆ ಮಾತಾಡ್ತಾರೆ, ನಮ್ಮ ಜೊತೆ ಮಾತ್ರ ಯಾರೂ ಮಾತಾಡಲ್ಲ. ಅದನ್ನ ಹೇಳೋದಕ್ಕೆ ಆ ಸಭೆ. ಅಷ್ಟರಲ್ಲಿ ಒಬ್ಬ ರಾಜಕಾರಣಿಯಿಂದ ಸಂದೇಶ ಬಂತು: ನಿಮಗೆ ನನ್ನ ಬೆಂಬಲ ಇದೆ, ಐದು ನಿಮಿಷ ಮಾತಾಡೋಕೆ ಅವಕಾಶ ಕೊಡ್ತೀರಾ?

ಗುಂಪಿನಲ್ಲಿ ಅರ್ಧ ಜನ ಕರೆಯೋಣ ಅಂದರು, ಅರ್ಧ ಜನ ಬೇಡವೇ ಬೇಡ ಅಂದರು. ನಾನು ಎರಡೂ ಕಡೆ ಸೇರಲಿಲ್ಲ. ರಾತ್ರಿ ಅಪ್ಪನಿಗೆ ಫೋನ್ ಮಾಡಿದಾಗ ಈ ಕತೆ ಹೇಳಿದೆ. ನಮ್ಮದು ಮಂಡ್ಯದ ಕಡೆ. ಅಪ್ಪ ಹುಡುಗನಾಗಿದ್ದಾಗ ಹೆಗಲ ಮೇಲೆ ಹಸಿರು ಶಾಲು ಹಾಕಿಕೊಂಡು ರೈತ ಸಂಘದ ಸಭೆಗಳಿಗೆ ಹೋಗ್ತಿದ್ದವರು. ಒಂದು ಕ್ಷಣ ಸುಮ್ಮನಿದ್ದು ಹೇಳಿದರು: “ಇವತ್ತು ನೀವು ಅವನಿಗೆ ಮೈಕ್ ಕೊಡ್ತೀರ. ನಾಳೆ ನೀವೇ ಹೋಗಿ ಅವನತ್ರ ಮೈಕ್ ಕೇಳ್ಬೇಕಾಯ್ತದೆ ಕಣವ್ವ.”

ಅಪ್ಪನ ಮಾತು ಪೂರ್ತಿ ಸರಿಯಾ? ಅದನ್ನ ಯೋಚಿಸ್ತಾ ಇದ್ದಾಗ ನನಗೆ ನೆನಪಾಗಿದ್ದು, ನಾನು ದಿನಾ ಮೆಟ್ರೊ ಇಳಿಯೋ ಜಾಗದ ಇತಿಹಾಸ.

ಆ ಜಾಗದ ಹೆಸರು ತೊರಾನೊಮೊನ್. ಇದು ಮಿನಾಟೋದಲ್ಲಿದೆ. ಇವತ್ತು ಇಲ್ಲಿ ಕಾಣೋದು ಗಾಜಿನ ಗೋಪುರಗಳು, ಕುತ್ತಿಗೆಗೆ ಐಡಿ ಕಾರ್ಡು ಹಾಕಿಕೊಂಡ ಜನ. 1960ರ ಜೂನ್ 4ರಂದು ಇಲ್ಲಿ ಕೊಬಾಯಾಶಿ ತೊಮಿ ಅನ್ನೋ ಚಿತ್ರಕಲಾ ಶಿಕ್ಷಕಿ ಬಟ್ಟೆಯ ಬ್ಯಾನರ್ ಹಿಡಿದು ನಿಂತಿದ್ದರು. ಜೊತೆಗೆ ಇನ್ನೊಬ್ಬರು. ಅಷ್ಟೇ, ಇಬ್ಬರು.

ಆಗ ಏನು ನಡೀತಿತ್ತು ಅಂತ ಸ್ವಲ್ಪ ಹೇಳ್ತೀನಿ. ಅಮೆರಿಕದ ಜೊತೆಗಿನ ಭದ್ರತಾ ಒಪ್ಪಂದವನ್ನ ಹೊಸದಾಗಿ ಮಾಡಿಕೊಳ್ಳೋಕೆ ಪ್ರಧಾನಿ ಕಿಶಿ ನೊಬುಸುಕೆ ಹಟ ಹಿಡಿದಿದ್ದರು. ವಿರೋಧಿಸಿ ಸಂಸತ್ತಿನೊಳಗೆ ಕೂತಿದ್ದ ಸಮಾಜವಾದಿ ಸದಸ್ಯರನ್ನ ಮೇ 19ರ ರಾತ್ರಿ ಪೊಲೀಸರು ಎತ್ತಿ ಹೊರಗೆ ಹಾಕಿದರು. ನಡುರಾತ್ರಿ ಕಳೆದ ಮೇಲೆ ಕೆಳಮನೆ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟಿತು. ಜಪಾನಿನ ಸಂವಿಧಾನದ ಪ್ರಕಾರ, ಕೆಳಮನೆ ಒಪ್ಪಿದ ಒಪ್ಪಂದ 30 ದಿನ ಕಳೆದರೆ ಮೇಲ್ಮನೆ ಏನೂ ಮಾಡದಿದ್ದರೂ ಒಪ್ಪಿಗೆ ಪಡೆದ ಹಾಗೆ. ಅಂದ್ರೆ ಜೂನ್ 19ರ ತನಕ ಸಮಯ. ಬೀದಿಗಳಲ್ಲಿ ದಿನವೂ ಪ್ರತಿಭಟನೆ. ಆಗ ಕಿಶಿ ಒಂದು ಮಾತು ಹೇಳಿದರು. ಬೀದಿಯಲ್ಲಿ ಕೂಗೋರ ದನಿ ಮಾತ್ರ ಕೇಳಿದರೆ ಸಾಲದು, ‘ದನಿಯಿಲ್ಲದವರ ದನಿ’ಗೂ ತಾನು ಕಿವಿಗೊಡಬೇಕು ಅನ್ನೋದು ಅವರ ಮಾತಿನ ಸಾರ. ಸುಮ್ಮನೆ ಮನೆಯಲ್ಲಿರೋರೆಲ್ಲ ನನ್ನ ಪರ ಅಂತ ಅರ್ಥ.

ಕೊಬಾಯಾಶಿಯವರ ಬ್ಯಾನರಿನಲ್ಲಿ ಇದ್ದದ್ದು ಅದೇ ಮಾತು. ‘ದನಿಯಿಲ್ಲದವರ ದನಿ’ ಅನ್ನೋದನ್ನೇ ಅವರು ತಮ್ಮ ಸಂಘದ ಹೆಸರು ಮಾಡಿಕೊಂಡಿದ್ದರು, ಜೊತೆಗೆ ‘ಯಾರು ಬೇಕಾದರೂ ಸೇರಬಹುದು’ ಅಂತಲೂ ಇತ್ತು. ಪ್ರಧಾನಿಯ ಬಾಯಿಂದಲೇ ಮಾತನ್ನ ಕಿತ್ತುಕೊಂಡ ಹಾಗೆ! ಆಗಿನ ಮೆರವಣಿಗೆಗಳಲ್ಲಿ ಪ್ರತಿ ಸಾಲಿಗೂ ಒಂದು ಬಾವುಟ ಇರ್ತಿತ್ತು: ಈ ಕಾರ್ಮಿಕ ಸಂಘ, ಆ ವಿದ್ಯಾರ್ಥಿ ಸಂಘ, ಆ ಪಕ್ಷ. ಯಾವ ಸಂಘಕ್ಕೂ ಸೇರದ ಗೃಹಿಣಿ, ಅಂಗಡಿಯವರು, ದಾರಿಹೋಕರು ಎಲ್ಲಿ ಸೇರಬೇಕು? ಅವರೆಲ್ಲ ಫುಟ್‌ಪಾತಿನಲ್ಲಿ ನಿಂತು ನೋಡ್ತಿದ್ದರು. ಈ ಬ್ಯಾನರ್ ಕಂಡ ಮೇಲೆ ಒಬ್ಬೊಬ್ಬರಾಗಿ ರಸ್ತೆಗೆ ಇಳಿದರು. ಇಬ್ಬರಿಂದ ಶುರುವಾದದ್ದು ಕೊನೆಗೆ ಸುಮಾರು 300 ಜನ ಆಯ್ತು. ಜಪಾನಿಯಲ್ಲಿ ‘ಯಾರು ಬೇಕಾದರೂ’ ಅನ್ನೋದಕ್ಕೆ ‘ದಾರೆದೆಮೊ’ ಅಂತಾರೆ. ಮೆರವಣಿಗೆಗೆ ‘ದೆಮೊ’. ಆ ಪದದೊಳಗೆ ಈ ಪದ ಕೂತಿದೆ ನೋಡಿ.

ಗಮನಿಸಿ, ಅಲ್ಲಿ ಸ್ಟೇಜೇ ಇರಲಿಲ್ಲ. ಹಾಗಾಗಿ ರಾಜಕಾರಣಿಗೆ ಸ್ಟೇಜು ಕೊಡಬೇಕಾ ಅನ್ನೋ ಪ್ರಶ್ನೆಯೂ ಏಳಲಿಲ್ಲ. ಸಂಸದರೇ ಬಂದರೂ ಉಳಿದವರ ಜೊತೆ ನಡೀಬಹುದಿತ್ತು, ಅಷ್ಟೇ.

ಆದರೆ ಗೆದ್ದರಾ? ಇಲ್ಲ. ಜೂನ್ 15ರಂದು ಸಂಸತ್ತಿನ ಆವರಣದಲ್ಲಿ ಪೊಲೀಸರ ಜೊತೆ ನಡೆದ ಘರ್ಷಣೆಯಲ್ಲಿ ಕಾನ್ಬಾ ಮಿಚಿಕೊ ಅನ್ನೋ 22 ವರ್ಷದ ವಿದ್ಯಾರ್ಥಿನಿ ಸತ್ತಳು. ಜೂನ್ 19ಕ್ಕೆ ಒಪ್ಪಂದ ತಾನಾಗಿ ಅಂಗೀಕಾರವಾಯ್ತು. ಜೂನ್ 23ರಂದು ಇದೇ ಮಿನಾಟೋದ ಶಿರೊಕಾನೆಯಲ್ಲಿದ್ದ ವಿದೇಶಾಂಗ ಸಚಿವರ ಅಧಿಕೃತ ನಿವಾಸದಲ್ಲಿ ಎರಡೂ ದೇಶದವರು ಪತ್ರಗಳನ್ನ ಬದಲಾಯಿಸಿಕೊಂಡರು. ಅದೇ ದಿನ ಕಿಶಿ ರಾಜೀನಾಮೆ ಘೋಷಿಸಿದರು. ಪ್ರಧಾನಿ ಹೋದರು, ಒಪ್ಪಂದ ಉಳಿಯಿತು. ಬೀದಿಯಲ್ಲಿ ಎಷ್ಟೇ ಜನ ಇದ್ದರೂ ಕೊನೆಗೆ ಕೈ ಎತ್ತೋರು ಸಂಸತ್ತಿನ ಒಳಗಿನವರು. ‘ಕರೆಯೋಣ’ ಅಂದವರ ವಾದ ಇದೇ, ಅದನ್ನ ಸುಮ್ಮನೆ ತಳ್ಳಿಹಾಕೋಕೆ ಆಗಲ್ಲ.

ಐದು ವರ್ಷ ಬಿಟ್ಟು, ಅದೇ ವಲಯದ ಜನ ಇನ್ನೊಂದು ಪ್ರಯೋಗ ಮಾಡಿದರು. ವಿಯೆಟ್ನಾಂ ಯುದ್ಧದ ವಿರುದ್ಧ 1965ರಲ್ಲಿ ಹುಟ್ಟಿದ ಬೆಹೇರೆನ್ ಚಳವಳಿ ಅದು. ಲೇಖಕ ಓದಾ ಮಕೊತೊ ಅದರ ಮುಖ. ಸದಸ್ಯತ್ವದ ಪಟ್ಟಿ ಇಲ್ಲ, ಬಂದವರೇ ಸದಸ್ಯರು. ಆ ವರ್ಷ ಆಗಸ್ಟ್ 14ರ ರಾತ್ರಿಯಿಂದ ಬೆಳಗಿನ ತನಕ ಅವರು ಒಂದು ಹೋಟೆಲಿನಲ್ಲಿ ಯುದ್ಧ ಮತ್ತು ಶಾಂತಿಯ ಬಗ್ಗೆ ಚರ್ಚೆ ಇಟ್ಟರು. ಅದಕ್ಕೆ ಆಳುವ ಪಕ್ಷದವರನ್ನೂ ಕರೆದಿದ್ದರು! ಮುಂದೆ ಪ್ರಧಾನಿಗಳಾದ ನಕಸೊನೆ ಯಾಸುಹಿರೊ, ಮಿಯಾಜಾವಾ ಕೀಚಿ ಇಬ್ಬರೂ ಅಲ್ಲಿ ಕೂತಿದ್ದರು. ಟೀವಿಯಲ್ಲಿ ನೇರ ಪ್ರಸಾರ ಇತ್ತು. ಬೆಳಗಿನ ಜಾವ ಚರ್ಚೆ ಮುಗಿಯೋ ಮುಂಚೆಯೇ ಪ್ರಸಾರ ನಿಂತುಹೋಯ್ತು.

ನನಗೆ ಇದು ತುಂಬಾ ಹಿಡಿಸಿದ ಘಟನೆ. ಯಾಕೆ ಅಂದ್ರೆ ಅಲ್ಲಿ ರಾಜಕಾರಣಿಗೆ ಸಿಕ್ಕಿದ್ದು ಭಾಷಣದ ವೇದಿಕೆಯಲ್ಲ, ಎದುರಿಗೆ ಪ್ರಶ್ನೆ ಕೇಳೋ ಜನ ಇರೋ ಒಂದು ಕುರ್ಚಿ. ಭಾಷಣ ಮಾಡಿದವನು ಚಪ್ಪಾಳೆ ತಗೊಂಡು ಕಾರು ಹತ್ತಬಹುದು. ಕುರ್ಚಿಯಲ್ಲಿ ಕೂತವನು ಉತ್ತರ ಕೊಡಬೇಕು. ಅದಕ್ಕೇ ಚಳವಳಿಯವರು ತಮ್ಮನ್ನ ಒಪ್ಪೋರನ್ನಷ್ಟೇ ಅಲ್ಲ, ಒಪ್ಪದವರನ್ನೂ ಧೈರ್ಯವಾಗಿ ಕರೆದರು.

ಈಗ ಹತ್ತಿರದ ಕಾಲಕ್ಕೆ ಬರೋಣ. ಫುಕುಶಿಮಾ ಅಣು ದುರಂತದ ಮರುವರ್ಷ, 2012ರಲ್ಲಿ, ಪ್ರಧಾನಿ ಕಚೇರಿಯ ಮುಂದೆ ಪ್ರತಿ ಶುಕ್ರವಾರ ಸಂಜೆ ಜನ ಸೇರೋಕೆ ಶುರು ಮಾಡಿದರು. ಆಯೋಜಕರ ನಿಯಮ: ವಿಷಯ ಒಂದೇ, ಅಣುಶಕ್ತಿ. ಬೇರೆ ಬೇರೆ ಬಾವುಟ ಬೇಡ. ಜುಲೈ 20ರಂದು ಮಾಜಿ ಪ್ರಧಾನಿ ಹತೊಯಾಮಾ ಯುಕಿಯೊ ಬಂದು ಮಾತಾಡಿದರು. ಸರ್ಕಾರ ಇದ್ದದ್ದು ಅವರದೇ ಪಕ್ಷದ್ದು! ಆಗಸ್ಟ್ 22ರಂದು ಪ್ರಧಾನಿ ನೋದಾ ಯೊಶಿಹಿಕೊ ಚಳವಳಿಯ ಪ್ರತಿನಿಧಿಗಳನ್ನ ಒಳಗೆ ಕರೆದು ಅರ್ಧ ಗಂಟೆಯಷ್ಟು ಮಾತಾಡಿದರು. ಒಪ್ಪಂದ ಏನೂ ಆಗಲಿಲ್ಲ, ಆದರೆ ಪ್ರಧಾನಿಯೇ ಕೂತು ಕೇಳಬೇಕಾಯ್ತು. ಡಿಸೆಂಬರಿನ ಚುನಾವಣೆಯಲ್ಲಿ ಅವರ ಪಕ್ಷ ಸೋತಿತು.

2015ರ ಆಗಸ್ಟ್ 30ರಂದು ಭದ್ರತಾ ಮಸೂದೆಗಳ ವಿರುದ್ಧ ಸಂಸತ್ತಿನ ಮುಂದೆ ಭಾರೀ ಜನ ಸೇರಿದರು. ಆಯೋಜಕರ ಲೆಕ್ಕ 1,20,000. ಪೊಲೀಸರ ಕಡೆಯಿಂದ ಬಂದ ಲೆಕ್ಕ ಸುಮಾರು 33,000. ಡೇಟಾ ಕೆಲಸ ಮಾಡೋಳಾಗಿ ಒಂದು ಮಾತು: ಇಂಥ ಕಡೆ ಎರಡು ಲೆಕ್ಕದ ಸರಾಸರಿ ತೆಗೆಯೋದು ದೊಡ್ಡ ತಪ್ಪು. ಎಲ್ಲಿಂದ ಎಲ್ಲಿವರೆಗೆ, ಯಾವ ಹೊತ್ತಿಗೆ ಎಣಿಸಿದರು ಅನ್ನೋದನ್ನ ಮೊದಲು ಕೇಳಬೇಕು. ಅವತ್ತು ವಿರೋಧ ಪಕ್ಷಗಳ ನಾಯಕರು ಒಟ್ಟಿಗೆ ವೇದಿಕೆ ಹತ್ತಿದರು. ಸೆಪ್ಟೆಂಬರ್ 19ಕ್ಕೆ ಮಸೂದೆಗಳು ಪಾಸಾದವು. ಆದರೆ ಆ ಒಗ್ಗಟ್ಟು ಚುನಾವಣೆಗೂ ಹೋಯ್ತು. 2016ರ ಮೇಲ್ಮನೆ ಚುನಾವಣೆಯಲ್ಲಿ ಒಬ್ಬರೇ ಆರಿಸಿ ಬರೋ 32 ಕ್ಷೇತ್ರಗಳಲ್ಲೂ ವಿರೋಧ ಪಕ್ಷಗಳು ಒಬ್ಬೊಬ್ಬರೇ ಅಭ್ಯರ್ಥಿಯನ್ನ ನಿಲ್ಲಿಸಿ 11ರಲ್ಲಿ ಗೆದ್ದವು. ಮೂರು ವರ್ಷದ ಹಿಂದೆ ಇಂಥ 31 ಕ್ಷೇತ್ರಗಳಲ್ಲಿ ಗೆದ್ದಿದ್ದು ಎರಡೇ. ಆದರೂ ಬಹುಮತ ಆಳುವವರಿಗೇ ಸಿಕ್ಕಿತು. ಆ ಹೋರಾಟದ ವಿದ್ಯಾರ್ಥಿ ಗುಂಪು ಸೀಲ್ಡ್ಸ್, ಆಗಸ್ಟ್ 15ಕ್ಕೆ ತನ್ನನ್ನ ತಾನೇ ವಿಸರ್ಜಿಸಿಕೊಂಡಿತು.

ಹಾಗಾದ್ರೆ ವೇದಿಕೆ ಕೊಟ್ಟಿದ್ದರಿಂದ ಲಾಭ ಇಲ್ಲ ಅಂತ ಹೇಳೋಕೆ ಆಗಲ್ಲ. ಆದರೆ ಅದಕ್ಕೊಂದು ಬೆಲೆ ಇದೆ. ಆ ಬೆಲೆ ನಮ್ಮ ಊರಿನವರಿಗೆ ಚೆನ್ನಾಗಿ ಗೊತ್ತು.

1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ರೈತರು ನೀರಿನ ಕರದ ವಿರುದ್ಧ ಎದ್ದಾಗ ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ಆಯ್ತು, ಅಂದ್ರೆ ಪೊಲೀಸರು ಗುಂಡು ಹಾರಿಸಿದರು. ಅದರ ಕಾವಿನಲ್ಲೇ ಕರ್ನಾಟಕ ರಾಜ್ಯ ರೈತ ಸಂಘ ಬೆಳೆಯಿತು. ಅಪ್ಪಣೆ ಇಲ್ಲದೆ ಅಧಿಕಾರಿಗಳು ಊರೊಳಗೆ ಬರಕೂಡದು ಅಂತ ಹಳ್ಳಿಗಳಲ್ಲಿ ಬೋರ್ಡು ಹಾಕಿದ ಸಂಘ ಅದು. ಆಮೇಲೆ ಸಂಘವೇ ಚುನಾವಣೆಗೆ ನಿಂತಿತು. 1989ರಲ್ಲಿ ಬಾಬಾಗೌಡ ಪಾಟೀಲರು ಎರಡು ಕ್ಷೇತ್ರಗಳಲ್ಲಿ ಗೆದ್ದರು. ಅವರು ಬಿಟ್ಟುಕೊಟ್ಟ ಧಾರವಾಡ ಗ್ರಾಮಾಂತರದಿಂದ ಪ್ರೊ. ಎಂ.ಡಿ. ನಂಜುಂಡಸ್ವಾಮಿ ವಿಧಾನಸಭೆಗೆ ಹೋದರು. ಮುಂದೆ ಬಾಬಾಗೌಡರು ಬಿಜೆಪಿ ಸೇರಿ, 1998ರಲ್ಲಿ ಬೆಳಗಾವಿಯಿಂದ ಗೆದ್ದು ಕೇಂದ್ರ ಮಂತ್ರಿಯೂ ಆದರು. ಸಂಘ ಬಣಬಣವಾಗಿ ಒಡೆಯಿತು. ಇನ್ನು ಹಸಿರು ಶಾಲು? 2018ರ ಮೇ 17ರಂದು ಬಿ.ಎಸ್. ಯಡಿಯೂರಪ್ಪ ಮುಖ್ಯಮಂತ್ರಿಯಾಗಿ ಪ್ರಮಾಣ ಮಾಡಿದಾಗ ಅವರ ಹೆಗಲ ಮೇಲೂ ಅದೇ ಇತ್ತು. ಟೋಕಿಯೊದಲ್ಲಿ ಜನ ಪ್ರಧಾನಿಯ ಮಾತನ್ನ ಕಿತ್ತುಕೊಂಡರು. ನಮ್ಮಲ್ಲಿ ರಾಜಕಾರಣಿಗಳು ಜನರ ಶಾಲನ್ನ ಹೊದ್ದುಕೊಂಡರು.

ಅಪ್ಪನ ಸಿಟ್ಟು ಅಲ್ಲಿಂದ ಬಂದದ್ದು. ಆದರೆ ಅಪ್ಪನಿಗೆ ನಾನು ಇನ್ನೊಂದು ಕತೆ ನೆನಪಿಸಿದೆ. ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣದ ರೈತರು 1,777 ಎಕರೆ ಭೂಮಿ ಉಳಿಸಿಕೊಳ್ಳೋಕೆ 2022ರಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. ವಿರೋಧ ಪಕ್ಷದ ನಾಯಕರಾಗಿದ್ದಾಗ ಸಿದ್ದರಾಮಯ್ಯ ಅವರಿಗೆ ಬೆಂಬಲ ಹೇಳಿದ್ದರು. ಅವರೇ ಮುಖ್ಯಮಂತ್ರಿಯಾದ ಮೇಲೆ ರೈತರು ಆ ಮಾತನ್ನ ಬಿಡಲಿಲ್ಲ, ಹೋದಲ್ಲೆಲ್ಲ ನೆನಪಿಸಿದರು. 2025ರ ಜುಲೈ 15ರಂದು ಸರ್ಕಾರ ಭೂಸ್ವಾಧೀನ ಕೈಬಿಟ್ಟಿತು. ರಾಜಕಾರಣಿಯ ಮಾತು ಅಲ್ಲಿ ಸಾಲಪತ್ರದ ಹಾಗೆ ಕೆಲಸ ಮಾಡ್ತು. ಅಪ್ಪ ನಕ್ಕು, “ಅದು ಮಾತು ಕೊಟ್ಟೋನ ದೊಡ್ಡತನ ಅಲ್ಲ, ಇಸ್ಕೊಂಡೋರ ಹಟ” ಅಂದರು. ಅದೂ ಸರಿ.

ಆದರೆ ನನಗೂ ದೇವನಹಳ್ಳಿಯ ರೈತರಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಅವರಿಗೆ ವೋಟಿದೆ. ನನಗೆ ಜಪಾನಿನಲ್ಲಿ ವೋಟಿಲ್ಲ. ಈ ಬರಹ ಓದ್ತಿರೋ ನಿಮ್ಮಲ್ಲೂ ಎಷ್ಟೋ ಜನರಿಗೆ ನೀವಿರೋ ದೇಶದಲ್ಲಿ ವೋಟಿಲ್ಲ ಅಲ್ವಾ?

ಬೆಹೇರೆನ್ ಕಾಲದಲ್ಲೇ ಇದಕ್ಕೊಂದು ಪಾಠ ಇದೆ. 1969ರಲ್ಲಿ ಜಪಾನಿಗೆ ಬಂದ ಮೆಕ್ಲೀನ್ ಅನ್ನೋ ಅಮೆರಿಕದ ಇಂಗ್ಲಿಷ್ ಮೇಷ್ಟ್ರು ಯುದ್ಧ ವಿರೋಧಿ ಮೆರವಣಿಗೆಗಳಲ್ಲಿ ನಡೆದರು. ಮರುವರ್ಷ ಅವರ ವೀಸಾ ನವೀಕರಣ ತಿರಸ್ಕಾರವಾಯ್ತು. ಅನುಮತಿ ಇಲ್ಲದೆ ಕೆಲಸ ಬದಲಿಸಿದ್ದು ಒಂದು ಕಾರಣ, ರಾಜಕೀಯ ಚಟುವಟಿಕೆ ಇನ್ನೊಂದು. 1978ರ ಅಕ್ಟೋಬರ್ 4ರಂದು ಸುಪ್ರೀಂ ಕೋರ್ಟು ಹೇಳಿದ್ದು ಸುಮಾರಾಗಿ ಹೀಗೆ: ವಿದೇಶಿಯರಿಗೂ ರಾಜಕೀಯ ಅಭಿಪ್ರಾಯದ ಸ್ವಾತಂತ್ರ್ಯ ಇದೆ, ಆದರೆ ಅದಕ್ಕೆ ಮಿತಿ ಇದೆ. ವೀಸಾ ನವೀಕರಿಸುವಾಗ ಆ ಚಟುವಟಿಕೆಯನ್ನ ಸರ್ಕಾರ ಲೆಕ್ಕಕ್ಕೆ ತಗೋಬಹುದು. ಅಂದ್ರೆ ನಮ್ಮಂಥವರು ಮೆರವಣಿಗೆಯಲ್ಲಿ ಇಡೋ ಒಂದೊಂದು ಹೆಜ್ಜೆಗೂ ಬೆಲೆ ಇದೆ.

ನನಗೆ ಕೊನೆಗೆ ಹೊಳೆದದ್ದು ಇಲ್ಲೇ. ರಾಜಕಾರಣಿ ಮೈಕ್ ಹಿಡಿದರೆ ಅವನು ಮಾತಾಡೋದು ವೋಟು ಇರೋರ ಜೊತೆ. ಅದು ಅವನ ತಪ್ಪಲ್ಲ, ಅವನ ಕೆಲಸವೇ ಅದು. ಆದರೆ ಅದೇ ಕ್ಷಣ ವೋಟಿಲ್ಲದವರು ಬರೀ ಪ್ರೇಕ್ಷಕರಾಗಿಬಿಡ್ತಾರೆ. ರಾಜಕಾರಣಿಗೆ ಜಾಗದ ಕೊರತೆ ಇಲ್ಲ. ಮಿನಾಟೋದಲ್ಲೇ ಶಿನ್‌ಬಾಶಿ ಸ್ಟೇಷನ್ನಿನ ಹಳೇ ಉಗಿಬಂಡಿಯ ಮುಂದೆ ಪ್ರಚಾರದ ಕಾರಿನ ಮೇಲೆ ನಿಂತು ಅವರು ಭಾಷಣ ಮಾಡ್ತಾನೇ ಇರ್ತಾರೆ. ವೋಟಿಲ್ಲದ ನಮಗೆ ಇರೋದು ಬೀದಿಯ ಈ ಸಣ್ಣ ಜಾಗ ಒಂದೇ. ಅದನ್ನೂ ಬಿಟ್ಟುಕೊಟ್ಟರೆ ಕಿಶಿಯವರ ಲೆಕ್ಕದ ದನಿಯಿಲ್ಲದವರೇ ಆಗ್ತೀವಿ: ಯಾರು ಬೇಕಾದರೂ ನಮ್ಮ ಪರವಾಗಿ ಮಾತಾಡಬಹುದು, ನಮ್ಮನ್ನ ಬಿಟ್ಟು.

ಮರುದಿನ ನಾನು ಗುಂಪಿನಲ್ಲಿ ಹೀಗೆ ಬರೆದೆ: ಅವರನ್ನ ಕರೆಯೋಣ. ಆದರೆ ಭಾಷಣಕ್ಕಲ್ಲ. ಬಾವುಟ, ಬಿಲ್ಲೆ ಇಲ್ಲದೆ ಬರಲಿ. ಮೊದಲು ವೋಟಿಲ್ಲದವರು ಮಾತಾಡ್ತಾರೆ, ಅವರು ಮುಂದಿನ ಸಾಲಿನಲ್ಲಿ ಕೂತು ಕೇಳಲಿ. ಆಮೇಲೆ ನಾವು ಮೂರು ಪ್ರಶ್ನೆ ಕೇಳ್ತೀವಿ, ಉತ್ತರ ಕೊಡಲಿ. ಅದನ್ನ ರೆಕಾರ್ಡ್ ಮಾಡಿಟ್ಟುಕೊಳ್ಳೋಣ. ಬೇರೆ ಪಕ್ಷದವರು ಯಾರಾದರೂ ಬಂದರೂ ಇದೇ ನಿಯಮ.

‘ಬೇಡ’ ಅಂದವರಲ್ಲಿ ಇಬ್ಬರು ಈಗಲೂ ಒಪ್ಪಿಲ್ಲ. ಅವರ ಭಯ ಸುಳ್ಳಲ್ಲ, ಹಸಿರು ಶಾಲಿನ ಕತೆ ನನಗೂ ಗೊತ್ತು. ಉಳಿದವರು ಸರಿ ಅಂದರು. ರಾಜಕಾರಣಿಗೆ ಸಂದೇಶ ಹೋಗಿದೆ, ಉತ್ತರ ಇನ್ನೂ ಬಂದಿಲ್ಲ.

ಕೊಬಾಯಾಶಿ ತೊಮಿ 2003ರಲ್ಲಿ ತೀರಿಕೊಂಡರು. ಅವರ ಸಂಘದವರು ಪ್ರತಿ ವರ್ಷ ಜೂನ್ 15ಕ್ಕೆ ಸಂಸತ್ತಿನ ದಕ್ಷಿಣ ಗೇಟಿನ ಹತ್ತಿರ ಕಾನ್ಬಾ ಮಿಚಿಕೊ ನೆನಪಿಗೆ ಹೂವು ಇಡ್ತಾ ಬಂದರು, ಅವರು ಹೋದ ಮೇಲೂ. ನಮ್ಮ ಸಭೆಯ ಬ್ಯಾನರಿಗೆ ಏನು ಬರೆಯೋಣ ಅಂತ ಗುಂಪಿನಲ್ಲಿ ಕೇಳಿದಾಗ ನಾನು ಒಂದೇ ಪದ ಕಳಿಸಿದೆ: ದಾರೆದೆಮೊ. ಕೆಳಗೆ ಕನ್ನಡದಲ್ಲೂ ಬರೀತೀನಿ ಅಂತ ಹೇಳಿದ್ದೀನಿ. ಯಾರು ಬೇಕಾದ್ರೂ ಬನ್ನಿ.